ಎರಡು ಬಾಗಿಲುಗಳ ನಡುವಿನ ಹೊತ್ತು

2025ರ ಜೂನ್ 26ರ ಗುರುವಾರ ಸಂಜೆ ನಾಲ್ಕರ ಹೊತ್ತಿಗೆ, ಕಚೇರಿಯ ಮೇಜಿನ ಮೇಲೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು, ಕೆಲಸ ಮಾಡುತ್ತಿರುವವನಂತೆ ನಟಿಸುತ್ತ, ಅಮೆರಿಕದ ಖಾಸಗಿ ಸಂಸ್ಥೆ ಆಕ್ಸಿಯಂ ಕಳಿಸಿದ ಆಕ್ಸಿಯಂ-4 ತಂಡದ ನೌಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರುವ ನೇರ ಪ್ರಸಾರವನ್ನು ನೋಡುತ್ತಿದ್ದೆ. ನೌಕೆ ನಿಲ್ದಾಣಕ್ಕೆ ತಾಗಿದಾಗ ನಾಲ್ಕು ಗಂಟೆ ದಾಟಿ ಒಂದು ನಿಮಿಷವಾಗಿತ್ತು. ನನ್ನ ಬೆನ್ನ ಹಿಂದೆ ನಿಂತು ಇಣುಕುತ್ತಿದ್ದವರು ಚಪ್ಪಾಳೆ ತಟ್ಟಿ ತಮ್ಮ ತಮ್ಮ ಜಾಗಗಳಿಗೆ ಮರಳಿದರು. ಅರ್ಧ ಗಂಟೆಯ ಮೇಲೆ ಕಡತ ಹಿಡಿದು ಬಂದ ಸಹೋದ್ಯೋಗಿಯೊಬ್ಬರು ಪರದೆಯನ್ನು ನೋಡಿ, "ಇನ್ನೂ ಬಾಗಿಲು ತೆಗೆದಿಲ್ವಾ ಸರ್? ಅಷ್ಟು ದೂರದಿಂದ ಬಂದವರನ್ನ ಹೊರಗೇ ನಿಲ್ಲಿಸಿಕೊಂಡಿದಾರಲ್ಲ!" ಎಂದರು. "ಗಾಳಿ ಸೋರ್ತಿದೆಯಾ ಅಂತ ನೋಡ್ತಿದಾರೆ" ಎಂದು ಹೇಳಿ ಕಳಿಸಿದೆ. ಹೇಳಿದ್ದು ತಪ್ಪಲ್ಲ. ಆದರೆ ಅವರು ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಾಗಿಲು ತೆರೆದದ್ದು ನೌಕೆ ತಾಗಿ ಒಂದೂವರೆ ಗಂಟೆ ಕಳೆದ ಮೇಲೆ. ಆ ಯಾನದ ಬಗ್ಗೆ ಅಲ್ಲಿಂದಾಚೆ ನಾನು ಓದಿದ್ದೆಲ್ಲವನ್ನೂ ಆ ಒಂದೂವರೆ ಗಂಟೆಯ ಕಿಂಡಿಯಿಂದಲೇ ಓದಿದೆನೇನೋ ಎಂದು ಈಗ ಅನಿಸುತ್ತದೆ.

ಮೊದಲು ಆ ತಾಗುವಿಕೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ನಿಲ್ದಾಣವು ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ತೊಂಬತ್ತು ನಿಮಿಷಕ್ಕೊಮ್ಮೆ ಭೂಮಿಗೆ ಒಂದು ಪ್ರದಕ್ಷಿಣೆ. ಅದನ್ನು ಹಿಡಿಯಲು ಹೊರಟ ನೌಕೆಯ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಎರಡೂ ಅಕ್ಕಪಕ್ಕ ಬಂದ ಮೇಲೆ ಲೆಕ್ಕಕ್ಕೆ ಬರುವುದು ಒಂದಕ್ಕೊಂದು ಹೋಲಿಸಿದ ವೇಗ ಮಾತ್ರ, ಮತ್ತು ಅದು ಕೊನೆಯ ಗಳಿಗೆಯಲ್ಲಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರು. ತೆವಳುವ ಮಗು ಇದಕ್ಕಿಂತ ಬೇಗ ಕೋಣೆ ದಾಟುತ್ತದೆ. ನೌಕೆ 400 ಮೀಟರ್ ದೂರದಲ್ಲಿ ನಿಲ್ಲುತ್ತದೆ, ಅನುಮತಿ ಪಡೆದು ಮುಂದೆ ಬರುತ್ತದೆ, 20 ಮೀಟರ್ ದೂರದಲ್ಲಿ ಮತ್ತೆ ನಿಂತು ಅನುಮತಿ ಕೇಳುತ್ತದೆ. ತಾಗಿದ ಮೇಲೆ ಮುಂಚಾಚಿದ ಬಳೆಯೊಂದು ಎದುರಿನ ಬಳೆಯನ್ನು ಮೆಲ್ಲಗೆ ಹಿಡಿದುಕೊಂಡು, ಎರಡರ ನಡುವೆ ಉಳಿದಿರುವ ಅಲುಗಾಟವನ್ನು ತಣಿಸುತ್ತದೆ. ಆ ಬಳೆ ಹಿಂದಕ್ಕೆ ಸರಿದು ಎರಡೂ ಮುಖಗಳು ಕೂಡಿದಾಗ 12 ಕೊಕ್ಕೆಗಳು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಆಗ ನೌಕೆಯ ಬಾಗಿಲಿಗೂ ನಿಲ್ದಾಣದ ಬಾಗಿಲಿಗೂ ನಡುವೆ ಒಂದು ಸಣ್ಣ ಜಾಗ ಉಳಿಯುತ್ತದೆ. ಒಂದು ಗಳಿಗೆ ಹಿಂದೆ ಅಲ್ಲಿ ಬರೀ ಶೂನ್ಯವಿತ್ತು. ಅಲ್ಲಿ ಗಾಳಿ ತುಂಬಬೇಕು, ತುಂಬಿದ ಗಾಳಿ ನಿಂತಿದೆಯೇ ಎಂದು ಕಾದು ನೋಡಬೇಕು, ಎರಡೂ ಕಡೆಯ ಒತ್ತಡವನ್ನು ಸರಿದೂಗಿಸಬೇಕು. ಮುಗಿಯುವವರೆಗೆ ಬಂದವರು ತಮ್ಮ ಬಾಗಿಲ ಹಿಂದೆ, ಇದ್ದವರು ತಮ್ಮ ಬಾಗಿಲ ಹಿಂದೆ.

ಈ ನಡುವಿನ ಜಾಗ ಯಾರದು? ಮನಸ್ಸಿನಲ್ಲಿ ಎದ್ದ ಪ್ರಶ್ನೆ ಇಷ್ಟೇ. ಅಂದು ಆ ನೌಕೆಯಲ್ಲಿ ನಾಲ್ವರಿದ್ದರು: ಅಮೆರಿಕದ ಪೆಗ್ಗಿ ವಿಟ್ಸನ್ ಕಮಾಂಡರ್, ಭಾರತದ ಶುಭಾಂಶು ಶುಕ್ಲಾ ಪೈಲಟ್, ಜೊತೆಗೆ ಪೋಲೆಂಡಿನ ಸ್ವಾವೋಷ್ ಉಜ್ನಾನ್‌ಸ್ಕಿ-ವಿಶ್ನೆವ್‌ಸ್ಕಿ ಮತ್ತು ಹಂಗರಿಯ ಟಿಬೋರ್ ಕಾಪು. ಒಳಗೆ ಏಳು ಜನ ಕಾಯುತ್ತಿದ್ದರು. ಮೂವರು ಅಮೆರಿಕನ್ನರು, ಮೂವರು ರಷ್ಯನ್ನರು, ಮತ್ತು ಆಗ ನಿಲ್ದಾಣದ ಕಮಾಂಡರ್ ಆಗಿದ್ದ ಜಪಾನಿನ ತಕುಯಾ ಒನಿಶಿ. ಅಂದರೆ ಬಾಗಿಲು ತೆರೆದರೆ ಆರು ದೇಶಗಳ ಹನ್ನೊಂದು ಮಂದಿ ಒಂದೇ ಸೂರಿನ ಕೆಳಗೆ ಸೇರುತ್ತಾರೆ (ಅಲ್ಲಿ ಸೂರೂ ಇಲ್ಲ, ಕೆಳಗೂ ಇಲ್ಲ ಎನ್ನುವುದು ಬೇರೆ ಮಾತು). ಟಿ.ವಿ. ವಾಹಿನಿಗಳು ಧ್ವಜಗಳನ್ನು ತೋರಿಸುತ್ತಿದ್ದವು. ಧ್ವಜಗಳು ಬೇಡವೆನ್ನುವಷ್ಟು ವೈರಾಗ್ಯ ನನಗಿಲ್ಲ. ಎಲ್ಲರಂತೆ ನನಗೂ ಗಂಟಲು ಕಟ್ಟಿತು. ಆದರೆ ಇಂಥ ಯಾನವನ್ನು 'ಅಂತರರಾಷ್ಟ್ರೀಯ' ಎಂದು ಕರೆಯುವಾಗ ಆ ಪದದ 'ಅಂತರ' ಇರುವುದು ಸರಿಯಾಗಿ ಅಲ್ಲೇ, ಎರಡು ಬಾಗಿಲುಗಳ ನಡುವೆ, ಯಾವ ಧ್ವಜವನ್ನೂ ಅಂಟಿಸಲಾಗದ ಆ ಜಾಗದಲ್ಲಿ ಎಂದು ಅಂದು ಅನಿಸಿತು.

ಆ ಜಾಗಕ್ಕೊಂದು ವಂಶಾವಳಿಯೂ ಇದೆ. 1975ರ ಜುಲೈ 17ರಂದು ಅಮೆರಿಕದ ಅಪೋಲೋ ಮತ್ತು ಸೋವಿಯತ್ ಒಕ್ಕೂಟದ ಸೋಯುಜ್ ನೌಕೆಗಳು ಕಕ್ಷೆಯಲ್ಲಿ ಕೂಡಿದವು. ಅದುವರೆಗೆ ಎರಡೂ ದೇಶಗಳ ಜೋಡಣೆಯ ವ್ಯವಸ್ಥೆ ಒಂದೇ ಬಗೆಯದಾಗಿತ್ತು: ಒಂದು ನೌಕೆಯ ಮೂತಿಯಲ್ಲಿ ಚಾಚಿದ ಸಲಾಕೆ, ಇನ್ನೊಂದರಲ್ಲಿ ಅದು ಹೊಕ್ಕು ಕೂರುವ ಗುಳಿ. ಈಗ ಸಲಾಕೆ ಯಾರದು, ಗುಳಿ ಯಾರದು? ನಗು ಬರಿಸುವ ಪ್ರಶ್ನೆಯಂತೆ ಕಂಡರೂ ಶೀತಲ ಸಮರದ ನಡುವೆ ಅದು ನಗುವ ವಿಷಯವಾಗಿರಲಿಲ್ಲ. ಸೋವಿಯತ್ ಎಂಜಿನಿಯರ್ ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಮತ್ತು ಅವರ ಅಮೆರಿಕನ್ ಜೊತೆಗಾರರು ಕಂಡುಕೊಂಡ ದಾರಿ ಸೊಗಸಾದದ್ದು. ಎರಡೂ ಕಡೆ ಒಂದೇ ಬಗೆಯ ಬಳೆ, ಬಳೆಯ ಮೇಲೆ ಎಸಳುಗಳಂತೆ ಚಾಚಿದ ಮೂರು ಪಟ್ಟಿಗಳು; ಒಂದರ ಎಸಳುಗಳ ನಡುವೆ ಇನ್ನೊಂದರ ಎಸಳುಗಳು ಬಂದು ಕೂರುತ್ತವೆ. ಯಾರು ಬೇಕಾದರೂ ಮುಂದೆ ಬಂದು ಹಿಡಿಯಬಹುದು, ಯಾರು ಬೇಕಾದರೂ ಸುಮ್ಮನೆ ನಿಂತು ಹಿಡಿಸಿಕೊಳ್ಳಬಹುದು. ಅರ್ಧನಾರೀಶ್ವರನನ್ನು ಕಲ್ಪಿಸಿಕೊಂಡ ನಾಡಿನವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಬಳೆ ಒಂದೇ ಆದರೂ ಗಾಳಿ ಒಂದೇ ಆಗಿರಲಿಲ್ಲ. ಅಪೋಲೋದೊಳಗೆ ವಾತಾವರಣದ ಮೂರನೇ ಒಂದರಷ್ಟು ಒತ್ತಡದ ಶುದ್ಧ ಆಮ್ಲಜನಕ; ಸೋಯುಜ್‌ನೊಳಗೆ ನೆಲದ ಮೇಲಿರುವಂತೆಯೇ ಸಾರಜನಕ ಬೆರೆತ ಪೂರ್ತಿ ಒತ್ತಡದ ಗಾಳಿ. ನೇರವಾಗಿ ಬಾಗಿಲು ತೆರೆದುಕೊಂಡು ಅತ್ತಿಂದಿತ್ತ ಓಡಾಡಿದ್ದರೆ ಮೈಯೊಳಗೆ ಸಾರಜನಕ ಗುಳ್ಳೆಗಟ್ಟಿ ಪ್ರಾಣಕ್ಕೆ ಸಂಚಕಾರ ಬರುತ್ತಿತ್ತು. ಅದಕ್ಕಾಗಿ ಇಬ್ಬರ ನಡುವೆ ಒಂದು ಪುಟ್ಟ ಕೋಣೆಯನ್ನೇ ಕಟ್ಟಿಸಿ ಅಪೋಲೋದ ಜೊತೆ ಹಾರಿಸಿದರು. ಸೋಯುಜ್ ಕೂಡ ತನ್ನ ಒತ್ತಡವನ್ನು ಸುಮಾರು ಮೂರನೇ ಎರಡರಷ್ಟಕ್ಕೆ ಇಳಿಸಿಕೊಂಡಿತು. ಭಾಷೆಯ ವಿಷಯದಲ್ಲೂ ಅದೇ ಕತೆ. ಅಮೆರಿಕನ್ನರು ರಷ್ಯನ್ ಭಾಷೆಯಲ್ಲಿ, ರಷ್ಯನ್ನರು ಇಂಗ್ಲಿಷಿನಲ್ಲಿ ಮಾತಾಡುವುದೆಂದು ಗೊತ್ತುಮಾಡಿಕೊಂಡರು. ಕಲಿತವನು ತನಗೆ ಬಂದಷ್ಟನ್ನು ನಿಧಾನವಾಗಿ ಬಿಡಿಸಿ ಹೇಳಿದರೆ ಕೇಳುವವನಿಗೆ ತಿಳಿಯುತ್ತದೆ, ಸ್ವಂತ ಭಾಷೆಯವನು ಬಡಬಡನೆ ಆಡಿದರೆ ಕಲಿತವನಿಗೆ ತಿಳಿಯುವುದಿಲ್ಲ. ಅಪೋಲೋದ ಕಮಾಂಡರ್, ಓಕ್ಲಹಾಮಾದವರಾದ ಟಾಮ್ ಸ್ಟ್ಯಾಫರ್ಡ್ ಅವರ ರಷ್ಯನ್ ಉಚ್ಚಾರಣೆಯನ್ನು ಸೋಯುಜ್‌ನ ಕಮಾಂಡರ್ ಅಲೆಕ್ಸಿ ಲಿಯೊನೊವ್ 'ಓಕ್ಲಹಾಮ್‌ಸ್ಕಿ' ಎಂದು ಛೇಡಿಸುತ್ತಿದ್ದರಂತೆ. ಇಬ್ಬರೂ ಬದುಕಿನ ಕೊನೆಯವರೆಗೆ ಗೆಳೆಯರಾಗಿ ಉಳಿದರು.

ಇನ್ನು ಶುಕ್ಲಾ ಅವರ ತಂಡದ ನೌಕೆ ಬಂದು ತಾಗಿದ ಜಾಗಕ್ಕೆ ಬರೋಣ. ಅದು ಹಾರ್ಮನಿ ಎಂಬ ಘಟಕದ ಆಕಾಶಮುಖಿ ಬಾಗಿಲು. ಅಲ್ಲಿ ಹಾರ್ಮನಿಗೆ ಅಂಟಿಕೊಂಡು ಒಂದು ಹಳೆಯ ಕತ್ತಿನಂಥ ಕೊಳವೆಯಿದೆ; ಅದರ ಹೊರಮುಖದಲ್ಲಿರುವುದು ಆ 1975ರ ಬಳೆಯ ನೇರ ವಂಶದ ರಷ್ಯನ್ ಜೋಡಣೆಯ ಬಳೆ, ಬಾಹ್ಯಾಕಾಶ ಷಟಲ್‌ಗಳು ಬಂದು ತಾಗುತ್ತಿದ್ದಂಥದ್ದು. ಅದರ ಮೇಲೆ 2019ರ ಆಗಸ್ಟ್‌ನಲ್ಲಿ ಇಬ್ಬರು ಗಗನಯಾತ್ರಿಗಳು ಹೊರಗೆ ತೇಲಾಡುತ್ತ ಕೂರಿಸಿದ ಹೊಸ ಹೊಂದಿಕೆಯ ತುಂಡು, ಹೊಸ ಅಂತರರಾಷ್ಟ್ರೀಯ ಮಾನದಂಡಕ್ಕೆ ಅನುಗುಣವಾದದ್ದು. ಈ ಬಗೆಯ ಮೊದಲ ತುಂಡು 2015ರಲ್ಲಿ ರಾಕೆಟ್ಟಿನೊಂದಿಗೆ ಆಕಾಶದಲ್ಲೇ ನಾಶವಾಗಿತ್ತು. ಇದು ಅದರ ಬದಲಿಗೆ ಮಾಡಿದ್ದು. ಅದರ ಮೇಲೆ ಬಂದು ಕೂತದ್ದು ಸ್ಪೇಸ್‌ಎಕ್ಸ್ ಸಂಸ್ಥೆಯ ಅಂದಿನ ಹೊಚ್ಚ ಹೊಸ ಡ್ರ್ಯಾಗನ್ ನೌಕೆ. ಕಕ್ಷೆ ಸೇರಿದ ಮೇಲೆ ತಂಡದವರು ಅದಕ್ಕೆ 'ಗ್ರೇಸ್' ಎಂದು ಹೆಸರಿಟ್ಟಿದ್ದರು. ಮಾನದಂಡದ ಪ್ರಕಾರ ಬಳೆಯ ಒಳಗಿನ ದಾರಿಯ ಅಗಲ 800 ಮಿಲಿಮೀಟರು. ನಾಲ್ವರೂ ಒಬ್ಬೊಬ್ಬರಾಗಿ ಆ ಕಿಂಡಿಯಿಂದ ನುಸುಳಿ ಒಳಗೆ ಬಂದಾಗ ಅವರು ದಾಟಿದ್ದು ಐವತ್ತು ವರ್ಷಗಳ ಒಪ್ಪಂದಗಳ ಪದರಗಳನ್ನು, ಒಂದರ ಮೇಲೊಂದು ಜೋಡಿಸಿಟ್ಟ ಲೋಹದ ಬಳೆಗಳ ರೂಪದಲ್ಲಿ.

ಇಲ್ಲೇ ಒಂದು ಸಣ್ಣ ವಿಷಯ ಹೇಳದೆ ಮುಂದೆ ಹೋಗಲಾರೆ. ಹಾರ್ಮನಿ ಘಟಕ ನಿಲ್ದಾಣಕ್ಕೆ ಬಂದದ್ದು 2007ರ ಅಕ್ಟೋಬರಿನಲ್ಲಿ. ಆಗ ನಿಲ್ದಾಣದ ಕಮಾಂಡರ್ ಆಗಿದ್ದವರು ಇದೇ ಪೆಗ್ಗಿ ವಿಟ್ಸನ್. ಆ ಹುದ್ದೆಗೇರಿದ ಮೊದಲ ಮಹಿಳೆ. ಘಟಕವನ್ನು ಅದರ ಕಾಯಂ ಜಾಗಕ್ಕೆ ಸರಿಸಿದ ಮೇಲೆ ಹೊರಗೆ ಹೋಗಿ ಕೊಳವೆ, ತಂತಿಗಳನ್ನು ಜೋಡಿಸಿದವರಲ್ಲಿ ಅವರೂ ಒಬ್ಬರು. ಹದಿನೆಂಟು ವರ್ಷಗಳ ಬಳಿಕ, ಖಾಸಗಿ ಸಂಸ್ಥೆಯ ಪರವಾಗಿ, ಅತಿಥಿಯಾಗಿ ಬಂದು ತಾನೇ ಕೂರಿಸಿದ ಕೋಣೆಯ ಬಾಗಿಲಲ್ಲಿ ಅವರು ಎಲ್ಲರಂತೆ ಕಾದರು. ನಿಯಮವೆಂದರೆ ನಿಯಮ.

ಯಾನ ಆರಂಭವಾಗುವ ಮೊದಲೇ ಕಾಯುವಿಕೆಯ ದೊಡ್ಡ ಅಧ್ಯಾಯವೊಂದು ಮುಗಿದಿತ್ತು. ಮೇ 29ಕ್ಕೆಂದು ಗೊತ್ತಾಗಿದ್ದ ಉಡಾವಣೆ ಜೂನ್ 8ಕ್ಕೆ, 10ಕ್ಕೆ, 11ಕ್ಕೆ ಹೋಗಿ, ಮತ್ತೆ 19, 22 ಎಂದು ಜಾರುತ್ತ ಕಡೆಗೆ ನಡೆದದ್ದು ಜೂನ್ 25ಕ್ಕೆ. ಈ ದಿನಾಂಕಗಳ ಜೊತೆ ಗಂಟೆಗಳೂ ಬದಲಾಗುತ್ತ ಹೋದದ್ದನ್ನು ಎಷ್ಟು ಜನ ಗಮನಿಸಿದರೋ ಕಾಣೆ. ಜೂನ್ 11ಕ್ಕೆ ಗೊತ್ತಾಗಿದ್ದ ಹೊತ್ತು ನಮ್ಮ ಕಾಲಮಾನದಲ್ಲಿ ಸಂಜೆ ಐದೂವರೆ. ಜೂನ್ 25ರಂದು ರಾಕೆಟ್ ಹಾರಿದ್ದು ಮಧ್ಯಾಹ್ನ 12 ಗಂಟೆ 1 ನಿಮಿಷಕ್ಕೆ. ಹದಿನಾಲ್ಕು ದಿನಗಳಲ್ಲಿ ಐದೂವರೆ ಗಂಟೆ, ಅಂದರೆ ದಿನಕ್ಕೆ ಸುಮಾರು ಇಪ್ಪತ್ತನಾಲ್ಕು ನಿಮಿಷ ಹಿಂದಕ್ಕೆ. ಇದು ಯಾರ ಅನುಕೂಲಕ್ಕೂ ಮಾಡಿದ್ದಲ್ಲ. ನಿಲ್ದಾಣದ ಕಕ್ಷೆ ಒಂದು ದೊಡ್ಡ ಓರೆ ಉಂಗುರ. ಭೂಮಿ ತಿರುಗುತ್ತ ಉಡಾವಣಾ ಕಟ್ಟೆ ಆ ಉಂಗುರದ ಸಮತಲಕ್ಕೆ ಸರಿಯಾಗಿ ಬಂದ ಗಳಿಗೆಯಲ್ಲೇ ಹಾರಬೇಕು, ಬಳಸಲು ಯೋಗ್ಯವಾದ ಅಂಥ ಅವಕಾಶ ದಿನಕ್ಕೆ ಒಂದೇ. ಭೂಮಿಯ ನಡು ಸ್ವಲ್ಪ ಉಬ್ಬಿರುವುದರಿಂದ ಆ ಉಂಗುರ ದಿನಕ್ಕೆ ಸುಮಾರು ಐದು ಡಿಗ್ರಿಯಷ್ಟು ಪಶ್ಚಿಮಕ್ಕೆ ಸರಿಯುತ್ತದೆ. ಅದರಿಂದ ಇಪ್ಪತ್ತು ನಿಮಿಷ, ನಕ್ಷತ್ರಗಳ ಲೆಕ್ಕದ ದಿನ ನಮ್ಮ ದಿನಕ್ಕಿಂತ ನಾಲ್ಕು ನಿಮಿಷ ಕಡಿಮೆ ಇರುವುದರಿಂದ ಇನ್ನು ನಾಲ್ಕು. ಗಡಿಯಾರ ನೋಡಿ ಮುಹೂರ್ತವಿಡುವ ನಮಗೆ ಇಲ್ಲಿ ಮುಹೂರ್ತವನ್ನು ಇಟ್ಟದ್ದು ಭೂಮಿಯ ಬೊಜ್ಜು.

ಆ ಉಂಗುರ ಎಷ್ಟು ಓರೆ ಎಂಬುದೂ ಒಂದು ಒಪ್ಪಂದವೇ. ಸಮಭಾಜಕಕ್ಕೆ ಅದರ ಬಾಗು 51.6 ಡಿಗ್ರಿ. ಫ್ಲಾರಿಡಾದ ಕೆನಡಿ ಕೇಂದ್ರ ಇರುವುದು 28.5 ಡಿಗ್ರಿ ಅಕ್ಷಾಂಶದಲ್ಲಿ. ಅಮೆರಿಕ ತನ್ನಷ್ಟಕ್ಕೆ ಕಟ್ಟಿದ್ದರೆ ಅಷ್ಟೇ ಬಾಗಿನ ಕಕ್ಷೆಯನ್ನು ಆರಿಸಿಕೊಳ್ಳುತ್ತಿತ್ತು, ಭೂಮಿಯ ತಿರುಗಾಟದ ನೆರವು ಪೂರ್ತಿ ಸಿಕ್ಕು ಪ್ರತಿ ಹಾರಾಟದಲ್ಲೂ ಹೆಚ್ಚು ಭಾರ ಹೊರಬಹುದಿತ್ತು. ಆದರೆ ರಷ್ಯನ್ನರು ಹಾರುವುದು ಕಜಕಸ್ತಾನದ ಬೈಕೊನೂರಿನಿಂದ, ಸುಮಾರು 46 ಡಿಗ್ರಿ ಅಕ್ಷಾಂಶದಿಂದ. ನೇರ ಪೂರ್ವಕ್ಕೆ ಹಾರಿಸಿದರೆ ಕಳಚಿದ ರಾಕೆಟ್ ಭಾಗಗಳು ಚೀನಾದ ಕಡೆ ಬೀಳುತ್ತವೆ. ಆದ್ದರಿಂದ ಇನ್ನೂ ಸ್ವಲ್ಪ ಉತ್ತರಕ್ಕೆ ಓರೆಯಾದ 51.6. ಜೊತೆಗಾರನ ಕಾಲಿಗೆ ತಕ್ಕಂತೆ ತನ್ನ ದಾರಿಯನ್ನು ಬಾಗಿಸಿಕೊಂಡದ್ದಕ್ಕೆ ಅಮೆರಿಕ ತನ್ನ ಷಟಲ್‌ಗಳ ಹೊರೆಯಲ್ಲಿ ಬೆಲೆ ತೆತ್ತಿತು. ಒಪ್ಪಂದದ ಕಾಗದಗಳಲ್ಲಿ ಬರೆದಿರುವ ಸೌಹಾರ್ದ, ಸಹಕಾರ ಮುಂತಾದ ಪದಗಳಿಗಿಂತ ಈ ಒಂದು ಸಂಖ್ಯೆಯಲ್ಲಿ ನನಗೆ ಹೆಚ್ಚು ನಂಬಿಕೆ.

ತಡವಾದದ್ದಕ್ಕೆ ಕಾರಣಗಳು ಹಲವು, ಎರಡನ್ನು ಮಾತ್ರ ಹೇಳುತ್ತೇನೆ. ಒಂದು, ಫಾಲ್ಕನ್ ರಾಕೆಟ್ಟಿನ ಬೂಸ್ಟರಿನಲ್ಲಿ ದ್ರವ ಆಮ್ಲಜನಕದ ಸೋರಿಕೆ. ಕಟ್ಟೆಯ ಮೇಲೆ ಎಂಜಿನ್ ಉರಿಸಿ ಪರೀಕ್ಷಿಸಿದ ಮೇಲೆ ಅದು ಗೊತ್ತಾಯಿತು. ಅಲ್ಲಿದ್ದ ಇಸ್ರೋ ತಂಡ ಸ್ಪೇಸ್‌ಎಕ್ಸ್ ಮತ್ತು ಆಕ್ಸಿಯಂ ತಜ್ಞರೊಂದಿಗೆ ಚರ್ಚಿಸಿದ ಬಳಿಕ, ಸೋರಿಕೆಯನ್ನು ಸರಿಪಡಿಸಿ ಮತ್ತೆ ಪರೀಕ್ಷಿಸದೆ ಹಾರುವುದಿಲ್ಲವೆಂದು ತೀರ್ಮಾನವಾಯಿತು. ಟಿಕೆಟ್ ಕೊಂಡ ಪ್ರಯಾಣಿಕ ಬಸ್ಸಿನ ಬ್ರೇಕಿನ ಬಗ್ಗೆ ಮಾತಾಡುವುದು ಎಲ್ಲ ಕಡೆಯೂ ನಡೆಯುವುದಿಲ್ಲ, ಇಲ್ಲಿ ನಡೆಯಿತು. ಎರಡನೆಯದು ನಿಲ್ದಾಣದಲ್ಲೇ ಇದ್ದ ತೊಂದರೆ. ರಷ್ಯಾದ ಜ್ವೆಜ್ದಾ ಘಟಕದ ಹಿಂತುದಿಯ ಕಿರು ಸುರಂಗದಲ್ಲಿ 2019ರಿಂದಲೂ ಸಣ್ಣ ಬಿರುಕುಗಳಿಂದ ಗಾಳಿ ಸೋರುತ್ತಿತ್ತು. ಈ ಸಲ ತೇಪೆ ಹಾಕಿದ ಮೇಲೆ ಅಲ್ಲಿಯ ಒತ್ತಡ ಇಳಿಯದೆ ನಿಂತುಬಿಟ್ಟಿತು. ಒಳ್ಳೆಯ ಸುದ್ದಿಯೆಂದು ಸಂತೋಷಪಡುವಂತಿರಲಿಲ್ಲ. ಬಿರುಕು ಮುಚ್ಚಿದ್ದರೂ ಒತ್ತಡ ನಿಲ್ಲುತ್ತದೆ. ಬಿರುಕು ಹಾಗೆಯೇ ಇದ್ದು, ನಿಲ್ದಾಣದ ಕಡೆಯ ಬಾಗಿಲಿನ ಅಂಚಿನಿಂದ ಸುರಂಗದೊಳಕ್ಕೆ ಗಾಳಿ ನುಸುಳಿ ಸೋರಿದಷ್ಟನ್ನು ತುಂಬುತ್ತಿದ್ದರೂ ನಿಲ್ಲುತ್ತದೆ. ಮುಳ್ಳು ಅಲುಗದಿರುವುದಕ್ಕೆ ಎರಡು ಅರ್ಥ, ಒಂದು ಆರೋಗ್ಯ, ಇನ್ನೊಂದು ಹೊಸ ಕಾಯಿಲೆ. ಯಾವುದೆಂದು ತಿಳಿಯುವವರೆಗೆ ನಾಲ್ಕು ಜನ ಅತಿಥಿಗಳನ್ನು ಕರೆಯುವುದು ಬೇಡವೆಂದು ಉಡಾವಣೆಯನ್ನು ಮುಂದೂಡಿದರು.

ಅತಿಥಿ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ನಿಲ್ದಾಣದ ಒಡೆತನವನ್ನು ನಿರ್ಧರಿಸುವ ಒಪ್ಪಂದಕ್ಕೆ 1998ರ ಜನವರಿ 29ರಂದು ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದ್ದು ಹದಿನೈದು ದೇಶಗಳು: ಅಮೆರಿಕ, ರಷ್ಯಾ, ಜಪಾನ್, ಕೆನಡಾ ಮತ್ತು ಯುರೋಪಿನ ಹನ್ನೊಂದು. ಭಾರತ, ಪೋಲೆಂಡ್, ಹಂಗರಿ ಮೂರೂ ಆ ಪಟ್ಟಿಯಲ್ಲಿಲ್ಲ. ಆ ಒಪ್ಪಂದದ ಪ್ರಕಾರ ಪ್ರತಿ ಘಟಕವೂ ಅದನ್ನು ಒದಗಿಸಿದ ಪಾಲುದಾರರ ಕಾನೂನಿಗೆ ಒಳಪಟ್ಟಿದೆ. ಕಿಬೋ ಘಟಕದಲ್ಲಿ ಮಾಡಿದ ಆವಿಷ್ಕಾರ ಪೇಟೆಂಟಿನ ಲೆಕ್ಕಕ್ಕೆ ಜಪಾನಿನಲ್ಲಿ ನಡೆದಂತೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ತೇಲಿ ಹೋಗುವಾಗ ಗಡಿ ದಾಟಿದಂತಾಗುತ್ತದೆ, ಪಾಸ್‌ಪೋರ್ಟ್ ಕೇಳುವವರಿಲ್ಲ ಅಷ್ಟೇ. ಗೋಜಲುಗಳೂ ಇಲ್ಲದಿಲ್ಲ: 1998ರ ನವೆಂಬರಿನಲ್ಲಿ ಹಾರಿದ ಮೊದಲ ಘಟಕ ಜಾರ್ಯಾವನ್ನು ಕಟ್ಟಿದ್ದು ರಷ್ಯಾ, ಹಣ ಕೊಟ್ಟದ್ದು ಅಮೆರಿಕ, ಹೀಗಾಗಿ ಒಡೆತನ ಅಮೆರಿಕದ್ದು.

ಈ ಮೂರೂ ಅತಿಥಿ ದೇಶಗಳಿಗೆ ಇದು ಎರಡನೆಯ ಸರದಿ ಎಂಬುದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಸಂಗತಿ. ಪೋಲೆಂಡಿನ ಮಿರೊಸ್ವಾವ್ ಹೆರ್ಮಾಷೆವ್‌ಸ್ಕಿ 1978ರ ಜೂನ್ 27ರಂದು, ಹಂಗರಿಯ ಬರ್ತಲಾನ್ ಫಾರ್ಕಷ್ 1980ರ ಮೇ ತಿಂಗಳಲ್ಲಿ, ನಮ್ಮ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಹಾರಿದರು. ಮೂವರೂ ಸೋವಿಯತ್ ಸೋಯುಜ್ ನೌಕೆಗಳಲ್ಲಿ, ಸಲ್ಯೂತ್ ನಿಲ್ದಾಣಗಳಿಗೆ, ಸುಮಾರು ಎಂಟು ದಿನಗಳ ಮಟ್ಟಿಗೆ. ಫಾರ್ಕಷ್ ಅವರನ್ನು ಕರೆದೊಯ್ದ ಕಮಾಂಡರ್ ವಲೇರಿ ಕುಬಾಸೊವ್, 1975ರ ಆ ಕೂಡುವಿಕೆಯಲ್ಲಿ ಸೋಯುಜ್‌ನೊಳಗಿದ್ದ ಇಬ್ಬರಲ್ಲಿ ಒಬ್ಬರು. ಆತಿಥೇಯ ದೇಶ ನಕ್ಷೆಯಿಂದಲೇ ಮಾಯವಾಯಿತು; ಅತಿಥಿ ದೇಶಗಳು ಅವೇ ಮೂರು, ನಾಲ್ಕು ದಶಕಗಳ ಮೇಲೆ, ಈಗ ಅಮೆರಿಕದ ಖಾಸಗಿ ಸಂಸ್ಥೆಯ ನೌಕೆಯಲ್ಲಿ.

ಶರ್ಮಾ ಅವರು ಹಾರಿದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಪತ್ರಿಕೆಯ ಮುಖಪುಟದ ಮಬ್ಬು ಚಿತ್ರ, ಹಾಗೂ ಪ್ರಧಾನಿಯ ಪ್ರಶ್ನೆಗೆ ಅವರು ಕೊಟ್ಟ, ಎಲ್ಲರ ಬಾಯಲ್ಲೂ ಇರುವ ಉತ್ತರ, ಇವಿಷ್ಟೇ ನನ್ನ ಪಾಲಿನ ನೆನಪು. ದೊಡ್ಡವನಾದ ಮೇಲೆ ತಿಳಿದ ಇನ್ನೊಂದು ವಿಷಯ ನನಗೆ ಆ ಉತ್ತರಕ್ಕಿಂತ ಹೆಚ್ಚು ಪ್ರಿಯ. ಶರ್ಮಾ ಅವರ ತಂಡ ಹೋದದ್ದು ಸೋಯುಜ್ ಟಿ-11ರಲ್ಲಿ, ಮರಳಿದ್ದು ಟಿ-10ರಲ್ಲಿ. ಕಕ್ಷೆಯಲ್ಲಿ ಹೆಚ್ಚು ದಿನ ನಿಂತ ನೌಕೆ ಹಳತಾಗುತ್ತದೆ. ಸಲ್ಯೂತ್-7ರಲ್ಲಿ ತಿಂಗಳುಗಟ್ಟಲೆ ಇರಬೇಕಿದ್ದ ಮೂವರಿಗೆ ಮನೆಗೆ ಮರಳಲು ತಾಜಾ ನೌಕೆ ಬೇಕಿತ್ತು. ಅತಿಥಿಗಳು ತಾವು ತಂದ ಹೊಸದನ್ನು ಅವರಿಗೆ ಬಿಟ್ಟು, ಅವರ ಹಳೆಯದರಲ್ಲಿ ಇಳಿದು ಬಂದರು. ಆ ಮೂವರು ಅಕ್ಟೋಬರಿನಲ್ಲಿ, 237 ದಿನಗಳ ವಾಸದ ಬಳಿಕ, ಟಿ-11ರಲ್ಲೇ ನೆಲ ಮುಟ್ಟಿದರು. ಬರಿಗೈಯಲ್ಲಿ ಬರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉಡುಗೊರೆ ಏನಿದ್ದೀತು!

ಈಗಿನ ಆತಿಥ್ಯದ ಬಗೆ ಬೇರೆ. 2023ರ ಜೂನ್‌ನಲ್ಲಿ ಎರಡು ಸರ್ಕಾರಗಳ ನಡುವೆ ಮಾತಾಗಿ, 2024ರಲ್ಲಿ ಇಸ್ರೋ ಆಕ್ಸಿಯಂ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಖರ್ಚು ಸುಮಾರು 550 ಕೋಟಿ ರೂಪಾಯಿ ಎಂದು ವರದಿಯಾಯಿತು. ದುಡ್ಡು ಕೊಟ್ಟು ಕೊಂಡ ಕುರ್ಚಿ ಎಂದು ಮೂಗು ಮುರಿದವರನ್ನು ಕಂಡಿದ್ದೇನೆ. ನನಗೆ ಇದು ಅಷ್ಟು ಹಗುರವಾದ ಮಾತೆನಿಸುವುದಿಲ್ಲ. ರಾಜಕೀಯ ಸ್ನೇಹದ ಮೇಲೆ ಸಿಕ್ಕ ಕುರ್ಚಿಯೂ ಪುಕ್ಕಟೆಯದಲ್ಲ, ಅದರ ಬಿಲ್ಲು ಬೇರೆ ಕಡೆ ಬರುತ್ತದೆ. ಕೊಂಡ ಕುರ್ಚಿಯಲ್ಲಿ ಕೂತವನು ಏನು ಕಲಿತು ಬಂದ ಎಂಬುದನ್ನು ಕೇಳುವುದು ಹೆಚ್ಚು ನ್ಯಾಯ. ಶುಕ್ಲಾ ಪೈಲಟ್ ಕುರ್ಚಿಯಲ್ಲಿ ಕೂತಿದ್ದರು. ಭಾರತದ ಸ್ವಂತ ಮಾನವಸಹಿತ ಯಾನ ಯೋಜನೆಯಾದ ಗಗನಯಾನಕ್ಕೆ ಆಯ್ಕೆಯಾದ ನಾಲ್ವರಲ್ಲಿ ಅವರೂ ಒಬ್ಬರು. ಮೇಲೆ ತಲುಪಿದ ಮೇಲೆ ವಿಟ್ಸನ್ ಅವರು ಶುಕ್ಲಾ ಅವರ ಎದೆಗೆ ಗಗನಯಾತ್ರಿಯ ಪಿನ್ ಚುಚ್ಚಿ, ಅವರು 634ನೆಯ ಗಗನಯಾತ್ರಿಯೆಂದು ಹೇಳಿದರು. ಇಡೀ ಮನುಕುಲದ ಲೆಕ್ಕದಲ್ಲಿ ಇನ್ನೂ ಒಂದು ಮದುವೆ ಮನೆ ತುಂಬುವಷ್ಟೂ ಜನ ಇಲ್ಲ.

ಅವರು ಕೊಂಡೊಯ್ದದ್ದರಲ್ಲಿ ಧಾರವಾಡದ ಪಾಲೂ ಇತ್ತು. ಅಲ್ಲಿಯ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯ ಅವರ ಜೊತೆ ಹೋಗಿದ್ದವು. ನೀರು ಸುರಿಯಲು, ಬಸಿಯಲು ಆಗದ ಜಾಗದಲ್ಲಿ ಪುಟ್ಟ ತಟ್ಟೆಗಳಲ್ಲಿ ಕಾಳು ನೆನೆದು ಮೊಳಕೆಯೊಡೆಯಬೇಕು. ಬೇರಿಗೆ ಕೆಳಗೆ ಯಾವುದೆಂದು, ಚಿಗುರಿಗೆ ಮೇಲೆ ಯಾವುದೆಂದು ಹೇಳುವ ಗುರುತ್ವದ ಸೆಳೆತದ ಅರಿವು ಅಲ್ಲಿಲ್ಲ. ಮೊಳಕೆಗಳನ್ನು ಮರಳಿ ತಂದು ಅವುಗಳ ಸತ್ವ, ಸೂಕ್ಷ್ಮಜೀವಿಗಳು, ಮುಂದಿನ ಪೀಳಿಗೆಗಳ ಬೆಳವಣಿಗೆಯನ್ನು ನೋಡುವುದು ಉದ್ದೇಶ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು ಸ್ನಾಯುಕೋಶಗಳ ಪ್ರಯೋಗ, ಭಾರತೀಯ ವಿಜ್ಞಾನ ಸಂಸ್ಥೆಯದು ಎಂಟು ಕಾಲಿನ ಗಟ್ಟಿಜೀವಿ ಟಾರ್ಡಿಗ್ರೇಡ್‌ಗಳ ಪ್ರಯೋಗ. ಇಡೀ ತಂಡದ ಕೈಯಲ್ಲಿ 31 ದೇಶಗಳ ಅರವತ್ತರಷ್ಟು ಪ್ರಯೋಗಗಳಿದ್ದವು.

ಈ ಎಲ್ಲ ಸಹಬಾಳ್ವೆ ನಡೆಯುತ್ತಿರುವುದು ನೆಲದ ಮೇಲೆ ಯುದ್ಧ ನಡೆಯುತ್ತಿರುವ ವರ್ಷಗಳಲ್ಲಿ ಎಂಬುದನ್ನು ಮರೆಯುವಂತಿಲ್ಲ. ಉಕ್ರೇನ್ ಯುದ್ಧದ ನಂತರ ರಷ್ಯಾ ಮತ್ತು ಪಶ್ಚಿಮದ ನಡುವಿನ ವಿಜ್ಞಾನದ ನಂಟುಗಳು ಒಂದೊಂದಾಗಿ ಕಡಿದವು. ನಿಲ್ದಾಣದ ನಂಟು ಉಳಿಯಿತು. ದೊಡ್ಡ ಮನಸ್ಸಿನಿಂದ ಉಳಿಯಿತು ಎನ್ನುವುದು ಕೇಳಲು ಚೆನ್ನ. ವಿದ್ಯುತ್ತಿನ ದೊಡ್ಡ ಪಾಲು ಬರುವುದು ಅಮೆರಿಕದ ಸೌರಫಲಕಗಳಿಂದ, ಕಕ್ಷೆ ಕುಸಿಯದಂತೆ ಮೇಲಕ್ಕೆತ್ತುವ ಹೊಣೆ ಬಹುಪಾಲು ರಷ್ಯನ್ ಭಾಗದ ಎಂಜಿನ್‌ಗಳದು. ಬೇರೆಯಾಗಲು ಹೊರಟರೆ ಇಬ್ಬರಿಗೂ ಮನೆಯಿಲ್ಲ. ಅಂದು ಒಳಗೆ ಕಾಯುತ್ತಿದ್ದ ಏಳು ಮಂದಿಯಲ್ಲೇ ನೋಡಿ: ರಷ್ಯಾದ ಕಿರಿಲ್ ಪೆಸ್ಕೊವ್ ಬಂದದ್ದು ಅಮೆರಿಕದ ಡ್ರ್ಯಾಗನ್‌ನಲ್ಲಿ, ಅಮೆರಿಕದ ಜಾನಿ ಕಿಮ್ ಬಂದದ್ದು ರಷ್ಯಾದ ಸೋಯುಜ್‌ನಲ್ಲಿ. ಯಾವುದಾದರೂ ಒಂದು ನೌಕೆ ನೆಲಕ್ಕೆ ಕಟ್ಟಿಬಿದ್ದರೂ ಎರಡೂ ಕಡೆಯ ಯಂತ್ರ ಬಲ್ಲವರು ಮೇಲೆ ಒಬ್ಬರಾದರೂ ಇರಲಿ ಎಂಬ ಲೆಕ್ಕಾಚಾರ ಅದು. 2022ರ ಡಿಸೆಂಬರಿನಲ್ಲಿ ನಿಲ್ದಾಣಕ್ಕೆ ತಾಗಿಕೊಂಡಿದ್ದ ಸೋಯುಜ್ ಒಂದರ ತಂಪುದ್ರವ ಸೋರಿಹೋದಾಗ ಅದರಲ್ಲಿ ಬಂದಿದ್ದ ಅಮೆರಿಕದ ಫ್ರ್ಯಾಂಕ್ ರುಬಿಯೋ, ಇಬ್ಬರು ರಷ್ಯನ್ನರ ಜೊತೆ, ಬದಲಿ ನೌಕೆ ಬಂದರೂ ಸರದಿ ಬರುವವರೆಗೆ ಕಾದು 371 ದಿನ ಮೇಲೆಯೇ ಇರಬೇಕಾಯಿತು. ಪ್ರೀತಿಯಿಂದ ಕೂಡಿದವರು ಜಗಳವಾಡಿ ಬೇರೆಯಾಗುವುದನ್ನು ನೋಡಿದ್ದೇವೆ. ಅಗತ್ಯದಿಂದ ಕೂಡಿದವರ ಗಂಟು ಕೆಲವೊಮ್ಮೆ ಹೆಚ್ಚು ಬಾಳುತ್ತದೆ. ನಿಲ್ದಾಣದ ಗಡಿಯಾರವೂ ಹೂಸ್ಟನ್ನಿನದಲ್ಲ, ಮಾಸ್ಕೋದ್ದಲ್ಲ. ಎರಡರ ನಡುವಿನ ಗ್ರೀನಿಚ್ ಕಾಲಮಾನ. ಅದೂ ಒಂದು ನಡುವಿನ ಜಾಗ.

ಭಾರತ ಈ ನಡುವಿನ ಜಾಗವನ್ನು ಸ್ವತಃ ಕಟ್ಟಲು ಕಲಿತದ್ದು ಇದೇ 2025ರಲ್ಲಿ ಎಂಬುದು ಶುಕ್ಲಾ ಅವರ ಯಾನದ ಸಡಗರದಲ್ಲಿ ಸ್ವಲ್ಪ ಮರೆಯಾಯಿತು. 2024ರ ಡಿಸೆಂಬರ್ 30ರಂದು ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಹೊತ್ತೊಯ್ದ, ತಲಾ ಸುಮಾರು 220 ಕಿಲೋ ತೂಕದ ಎರಡು ಸ್ಪೇಡೆಕ್ಸ್ ಉಪಗ್ರಹಗಳು ಜನವರಿ 16ರಂದು ಕಕ್ಷೆಯಲ್ಲಿ ಕೂಡಿದವು. ಅದಕ್ಕೂ ಮೊದಲು ಎರಡು ಸಲ ಮುಂದೂಡಿದ್ದರು. ಜನವರಿ 12ರಂದು ಹದಿನೈದು ಮೀಟರಿಗೆ, ಆಮೇಲೆ ಮೂರು ಮೀಟರಿಗೆ ತಂದು, ಮತ್ತೆ ದೂರ ಸರಿಸಿದ್ದರು. ಕೆಲವರು ಅಂದು ಅದನ್ನು ವೈಫಲ್ಯವೆಂದು ಬರೆದರು. ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದವನು ಇಂದು ಬೇಡವೆಂದು ಹಿಂದೆ ಸರಿಯುವುದಕ್ಕೆ ಬೇಕಾದ ಸಂಯಮವನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸ್ಪೇಡೆಕ್ಸ್‌ನ ಎರಡೂ ಮುಖಗಳೂ ಒಂದೇ ಬಗೆಯವು, ಯಾವುದು ಯಾವುದನ್ನಾದರೂ ಹಿಡಿಯಬಹುದು. ಸೆಕೆಂಡಿಗೆ ಹತ್ತು ಮಿಲಿಮೀಟರಿನಷ್ಟು ಮೆಲ್ಲನೆ ತಾಗುವಂತೆ ಮಾಡಿದರು. 2035ರ ಹೊತ್ತಿಗೆ ಕಟ್ಟಬೇಕೆಂದಿರುವ ಭಾರತೀಯ ಅಂತರಿಕ್ಷ ನಿಲ್ದಾಣಕ್ಕೆ ಬೇಕಾಗುವ ಮೊದಲ ವಿದ್ಯೆ ಇದು. ಆಗ ಬಾಗಿಲ ಒಳಗೆ ನಿಂತು ಕಾಯುವ ಸರದಿ ನಮ್ಮದು.

ಜುಲೈ 14ರ ಸೋಮವಾರ ನಾಲ್ವರೂ ಹೊರಡುವ ದಿನ. ಫೋನು ಮತ್ತೆ ಅದೇ ಬಾಟಲಿಗೆ ಒರಗಿತ್ತು. ಅಪ್ಪುಗೆಗಳು ಮುಗಿದು, ಎರಡೂ ಕಡೆಯ ಬಾಗಿಲುಗಳು ಮುಚ್ಚಿ ಎಷ್ಟೋ ಹೊತ್ತಾದರೂ ನೌಕೆ ಕದಲಲಿಲ್ಲ. ಅದೇ ಸಹೋದ್ಯೋಗಿ ಬಂದು, "ಬಾಗಿಲು ಹಾಕಿಯಾಯ್ತಲ್ಲ ಸರ್, ಇನ್ನೇನು ಕಾಯೋದು?" ಎಂದರು. ಈ ಸಲ ಕುರ್ಚಿ ಎಳೆದು ಕೂರಿಸಿ, ನಡುವಿನ ಜಾಗದ ಗಾಳಿಯನ್ನು ಹೊರಗೆ ಬಿಟ್ಟು ಖಾಲಿ ಮಾಡುತ್ತಾರೆ, ಒತ್ತಡ ಸೊನ್ನೆಗೆ ಇಳಿದು ಎರಡೂ ಬಾಗಿಲುಗಳು ಭದ್ರವಾಗಿವೆಯೆಂದು ಖಚಿತವಾದ ಮೇಲೆ ಕೊಕ್ಕೆಗಳನ್ನು ಬಿಡಿಸುತ್ತಾರೆ ಎಂದು ಹೇಳಿದೆ. ಹದಿನೆಂಟು ದಿನ ಹನ್ನೊಂದು ಜನ ಉಸಿರಾಡಿದ ಗಾಳಿಯ ಒಂದು ಚೂರು ಅದು. ಇಬ್ಬರೂ ಕೂತು ನೋಡಿದೆವು. ನಾಲ್ಕು ಮುಕ್ಕಾಲಿಗೆ ಕೊಕ್ಕೆಗಳು ಬಿಟ್ಟುಕೊಂಡವು, ಸಣ್ಣ ಥ್ರಸ್ಟರ್‌ಗಳು ಒಂದೆರಡು ಸಲ ಉಸಿರುಬಿಟ್ಟವು, ಎರಡು ಬಳೆಗಳ ನಡುವೆ ಕಪ್ಪು ಗೆರೆಯೊಂದು ಕಾಣಿಸಿಕೊಂಡು ಅಗಲವಾಗುತ್ತ ಹೋಯಿತು.